ಹೆತ್ತವರನ್ನು ಕಟಕಟೆಗೆ ಹತ್ತಿಸುವ ಮುನ್ನ

ಮೂವತ್ತು ದಾಟಿದ ಮಗ ಕುಡಿದು ಬೀದಿ ಬದಿಯಲ್ಲಿ ಬಿದ್ದಿದ್ದಾನೆ. ಇಲ್ಲವೇ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದವನು ಕೋಣೆಯ ಬಾಗಿಲು ಹಾಕಿಕೊಂಡು, ಅಲ್ಲಿಲ್ಲದ ಯಾರೊಂದಿಗೋ ಮಾತಾಡುತ್ತಿದ್ದಾನೆ. ಇಲ್ಲವೇ ಗಾಂಜಾ ಪ್ರಕರಣದಲ್ಲಿ ಪೊಲೀಸರು ಬೆಳಗಿನ ಜಾವ ಬಂದು ಕರೆದೊಯ್ದಿದ್ದಾರೆ. ಆಗ ಊರು ಕೇಳುವ ಮೊದಲ ಪ್ರಶ್ನೆ ಅವನಿಗೆ ಏನಾಗಿದೆ ಎಂದಲ್ಲ. "ಸಾಕಿದ್ದು ಹೇಗೆ?" ಎಂಬುದೇ ಮೊದಲ ಪ್ರಶ್ನೆ.

ಊರು ಕೇಳುವುದಕ್ಕೆ ಎಷ್ಟೋ ಮೊದಲೇ ಹೆತ್ತವರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿರುತ್ತಾರೆ. ನಿದ್ದೆ ಬಾರದ ರಾತ್ರಿಗಳಲ್ಲಿ ತಾಯಿ ಮೂವತ್ತು ವರ್ಷಗಳ ಲೆಕ್ಕ ತೆಗೆಯುತ್ತಾಳೆ. ಎರಡನೆಯ ಕ್ಲಾಸಿನಲ್ಲಿ ಸ್ಲೇಟು ಒಡೆದಾಗ ಹೊಡೆದೆನಲ್ಲ, ಅದೇ ಕಾರಣವೇ? ಕಿರಿಯವಳು ಹುಟ್ಟಿದಾಗ ಇವನನ್ನು ಅಜ್ಜಿ ಮನೆಯಲ್ಲಿ ಬಿಟ್ಟೆನಲ್ಲ, ಅದೇ? ಇಪ್ಪತ್ತು ವರ್ಷ ಗಲ್ಫಿನ ಬಿಸಿಲಲ್ಲಿ ಬೆವರು ಸುರಿಸಿ ಮನೆ ಕಟ್ಟಿಸಿದ ತಂದೆ, ಆ ಮನೆಯ ಜಗಲಿಯಲ್ಲಿ ಕೂತು, ತಾನು ಹೋಗದೇ ಇದ್ದಿದ್ದರೆ ಮಗ ಸರಿಯಾಗಿರುತ್ತಿದ್ದನೇನೋ ಎಂದು ಕೊರಗುತ್ತಾನೆ. ಊರಲ್ಲೇ ಉಳಿದು ದಿನವೂ ಮಗನ ಬೆನ್ನು ಹತ್ತಿದ ತಂದೆಯ ಕೊರಗು ಇನ್ನೊಂದು: ತೀರಾ ಬಿಗಿ ಮಾಡಿದೆನೇನೋ!

ಈ ಆರೋಪಪಟ್ಟಿಯ ಒಳಗುಟ್ಟು ಇಲ್ಲೇ ಇದೆ. ಹೊಡೆದಿದ್ದರೆ ಹೊಡೆದು ಹಾಳು ಮಾಡಿದರು, ಹೊಡೆಯದಿದ್ದರೆ ಮುದ್ದು ಮಾಡಿ ಹಾಳು ಮಾಡಿದರು. ತಾಯಿ ದುಡಿಯಲು ಹೋದರೆ ಮನೆ ನೋಡುವವರಿರಲಿಲ್ಲ, ಹೋಗದಿದ್ದರೆ ಸೆರಗಿಗೆ ಕಟ್ಟಿಕೊಂಡು ಬೆಳೆಸಿದಳು. ಯಾವ ಉತ್ತರ ಕೊಟ್ಟರೂ ಶಿಕ್ಷೆ ತಪ್ಪದ ನ್ಯಾಯಾಲಯ ಇದು. ಇಂತಹ ನ್ಯಾಯಾಲಯ ವಿಚಾರಣೆ ನಡೆಸುವುದಿಲ್ಲ, ಮೊದಲೇ ಬರೆದಿಟ್ಟ ತೀರ್ಪನ್ನು ಓದುತ್ತದೆ ಅಷ್ಟೆ.

ಅದರಲ್ಲೂ ತಾಯಿಯ ಪಾಲು ದೊಡ್ಡದು. ಮಗನಿಗೆ ರ‍್ಯಾಂಕ್ ಬಂದರೆ ಪತ್ರಿಕೆಯಲ್ಲಿ ತಂದೆಯ ಹೆಸರು ಅಚ್ಚಾಗುತ್ತದೆ. ಅದೇ ಮಗ ದಾರಿ ತಪ್ಪಿದರೆ ಊರಿಗೆ ತಾಯಿಯ ಹೆಸರು ನೆನಪಾಗುತ್ತದೆ. 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ನಮಗಿದೆ. ತಂದೆಯ ಬಗ್ಗೆ ಇಷ್ಟು ಚಾಲ್ತಿಯಲ್ಲಿರುವ ಗಾದೆಯೊಂದನ್ನು ಹುಡುಕಿ ನೋಡಿ.

ಹೆತ್ತವರ ಈ ಆತ್ಮನಿಂದೆಯನ್ನು ನಾವು ಒಳ್ಳೆಯತನದ ಗುರುತೆಂದು ಗೌರವಿಸುತ್ತಾ ಬಂದಿದ್ದೇವೆ. ಕೊರಗುವ ತಾಯಿ ಒಳ್ಳೆಯ ತಾಯಿ. ನಗುತ್ತಾ ಮದುವೆ ಮನೆಗೆ ಬಂದರೆ "ಮಗ ಹಾಗಿರುವಾಗ ಇವಳಿಗೆ ಹೇಗೆ ಮನಸ್ಸು ಬರುತ್ತದೆ" ಎಂಬ ಪಿಸುಮಾತು. ಈ ಗೌರವಕ್ಕೇ ನನ್ನ ತಕರಾರು. ಈ ಕೊರಗು ಬಹುಪಾಲು ಸುಳ್ಳು ತಿಳುವಳಿಕೆಯ ಮೇಲೆ ನಿಂತಿದೆ. ಯಾರಿಗಾಗಿ ಕೊರಗುತ್ತೇವೆ ಎಂದುಕೊಂಡಿದ್ದೇವೋ ಆ ಮಗನಿಗೇ ಅದು ಕೆಡುಕು ಮಾಡುತ್ತದೆ. ಮತ್ತು ನಿಜವಾಗಿ ಉತ್ತರ ಹೇಳಬೇಕಾದವರನ್ನು ಅದು ಸದ್ದಿಲ್ಲದೆ ಹಿಂಬಾಗಿಲಿನಿಂದ ಕಳಿಸಿಕೊಡುತ್ತದೆ.

ಈ ಸುಳ್ಳಿಗೆ ಹಳ್ಳಿಯ ಗಾದೆಗಳಷ್ಟೇ ಹೊಣೆಯಲ್ಲ, ದೊಡ್ಡ ದೊಡ್ಡ ಪದವಿಗಳಿದ್ದ ವೈದ್ಯರೂ ಅದನ್ನು ಬೆಳೆಸಿದರು. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್ 1948ರ ಲೇಖನವೊಂದರಲ್ಲಿ 'ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ' ಎಂಬ ಅರ್ಥದ ಪದವೊಂದನ್ನು ಬಳಸಿದರು. ಆ ಒಂದು ಪದ ಮುಂದಿನ ಎರಡು ಮೂರು ದಶಕ ಸಾವಿರಾರು ತಾಯಂದಿರ ಎದೆಗೆ ಚುಚ್ಚಿತು. ಆಟಿಸಂ ವಿಷಯದಲ್ಲೂ ಇದೇ ಕತೆ. 1943ರಲ್ಲಿ ಹನ್ನೊಂದು ಮಕ್ಕಳನ್ನು ಅಧ್ಯಯನ ಮಾಡಿ ಆಟಿಸಂ ಅನ್ನು ವಿವರಿಸಿದ ಲಿಯೋ ಕಾನರ್, ಕೆಲವು ವರ್ಷಗಳ ನಂತರ ಈ ಮಕ್ಕಳ ಹೆತ್ತವರ ತಣ್ಣನೆಯ ಸ್ವಭಾವವನ್ನು ಫ್ರಿಜ್ಜಿಗೆ ಹೋಲಿಸಿ ಬರೆದರು. ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಇದನ್ನೇ ಒಂದು ದೊಡ್ಡ ಪುಸ್ತಕವಾಗಿಸಿ ಖ್ಯಾತರಾದರು.

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಒಬ್ಬರು ಬರ್ನಾರ್ಡ್ ರಿಮ್ಲೆಂಡ್. ಅವರು ಮನೋವಿಜ್ಞಾನಿ, ಜೊತೆಗೆ ಆಟಿಸಂ ಇದ್ದ ಮಗನೊಬ್ಬನ ತಂದೆ. ಇದು ನರಮಂಡಲಕ್ಕೆ ಸಂಬಂಧಿಸಿದ ಸ್ಥಿತಿ, ತಾಯಿಯ ಮಡಿಲಿನ ಬಿಸಿ ತಣುವಿನ ವಿಷಯವಲ್ಲ ಎಂದು 1964ರಲ್ಲಿ ಅವರು ಪುಸ್ತಕ ಬರೆದರು. ಕೊನೆಗೆ 1969ರಲ್ಲಿ ಕಾನರ್ ಅವರೇ ಆಟಿಸಂ ಇರುವ ಮಕ್ಕಳ ಹೆತ್ತವರ ಸಭೆಯೊಂದರಲ್ಲಿ ನಿಂತು, ನಿಮ್ಮನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡುತ್ತಿದ್ದೇನೆ ಎಂಬರ್ಥದ ಮಾತು ಹೇಳಿದರು. ಬಿಡುಗಡೆ ಸಂತೋಷದ ವಿಷಯವೇ. ಆದರೆ ಮಾಡದ ಅಪರಾಧಕ್ಕೆ ಇಪ್ಪತ್ತು ವರ್ಷ ಕಟಕಟೆಯಲ್ಲಿ ನಿಂತ ಆ ತಾಯಂದಿರಿಗೆ ಪರಿಹಾರ ಕೊಟ್ಟವರು ಯಾರು?

ಸ್ಕಿಜೋಫ್ರೇನಿಯಾದ ಬಗ್ಗೆ 1966ರಲ್ಲಿ ಲೆನಾರ್ಡ್ ಹೆಸ್ಟನ್ ಪ್ರಕಟಿಸಿದ ಅಧ್ಯಯನವೊಂದಿದೆ. ಒರೆಗಾನ್ ರಾಜ್ಯದ ಮಾನಸಿಕ ಆಸ್ಪತ್ರೆಗಳಲ್ಲಿ ಈ ಕಾಯಿಲೆಯಿದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಮೂರು ದಿನಗಳೊಳಗೆ ತಾಯಿಯಿಂದ ಬೇರೆಯಾಗಿ ಬೆಳೆದ 47 ಮಕ್ಕಳನ್ನು ಅವರು ದೊಡ್ಡವರಾದ ಮೇಲೆ ಹೆಸ್ಟನ್ ಹುಡುಕಿ ನೋಡಿದರು. ಐವರಿಗೆ ಅದೇ ಕಾಯಿಲೆ ಬಂದಿತ್ತು. ಹೋಲಿಕೆಗೆಂದು ಆರಿಸಿದ ಬೇರೆ 50 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ಆ ಐವರು ಹೆತ್ತ ತಾಯಿಯ ಮುಖವನ್ನೇ ಕಂಡಿರಲಿಲ್ಲ, ಅವಳು ಸಾಕಿದ್ದು ಹೇಗೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಹಾಗಾದರೆ ರಕ್ತದ ದೋಷ ಎಂದು ಇನ್ನೊಂದು ಆರೋಪ ಹೊರಿಸುವವರು ಉಳಿದ 42 ಮಂದಿಯನ್ನೂ ಎಣಿಸಬೇಕು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಕೂಡ ಒಬ್ಬರಿಗೆ ಈ ಕಾಯಿಲೆ ಬಂದಾಗ ಇನ್ನೊಬ್ಬರಿಗೂ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಂದರ್ಭಗಳಲ್ಲಿ. ಅನುವಂಶೀಯತೆ ಇದೆ, ಗರ್ಭದಲ್ಲಿ ಮತ್ತು ಹೆರಿಗೆಯ ಹೊತ್ತಿನಲ್ಲಾಗುವ ತೊಡಕುಗಳಿವೆ, ಎಳೆಯ ವಯಸ್ಸಿನ ಗಾಂಜಾ ಸೇವನೆಯಿದೆ, ಹೀಗೆ ಹಲವು ಸಂಗತಿಗಳು ಸೇರಿ ಅಪಾಯವನ್ನು ಹೆಚ್ಚಿಸುತ್ತವೆ. ಒಡೆದ ಸ್ಲೇಟಿಗೆ ಬಿದ್ದ ಏಟು ಆ ಪಟ್ಟಿಯಲ್ಲಿಲ್ಲ.

ಕಾಯಿಲೆಯ ಮಾತು ಸರಿ, ಕುಡಿತ, ಸಾಲ, ಸುಳ್ಳು, ಅಲೆಮಾರಿತನ ಇವೆಲ್ಲ ಕಾಯಿಲೆಯೇ, ಸಂಸ್ಕಾರದ ಕೊರತೆಯಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ಈ ದೇಶದ ಅತ್ಯಂತ ಪ್ರಸಿದ್ಧ ತಂದೆಯ ಮನೆಯನ್ನೇ ತೋರಿಸಬೇಕು.

ಗಾಂಧೀಜಿಯ ಹಿರಿಯ ಮಗ ಹರಿಲಾಲ್ ಹುಟ್ಟಿದ್ದು 1888ರಲ್ಲಿ. ದಕ್ಷಿಣ ಆಫ್ರಿಕದ ಸತ್ಯಾಗ್ರಹದಲ್ಲಿ ಮತ್ತೆ ಮತ್ತೆ ಜೈಲಿಗೆ ಹೋಗಿ 'ಛೋಟೆ ಗಾಂಧಿ' ಎನಿಸಿಕೊಂಡ ಹುಡುಗ. ಅವನಿಗೆ ಓದಬೇಕಿತ್ತು, ತಂದೆಯಂತೆ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಬೇಕಿತ್ತು. ಗೆಳೆಯ ಪ್ರಾಣಜೀವನ ಮೆಹ್ತಾ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದಾಗ ಗಾಂಧೀಜಿ ಅದನ್ನು ಮಗನಿಗೆ ಕೊಡಿಸಲಿಲ್ಲ. ಮೊದಲು ಛಗನ್‌ಲಾಲ್ ಗಾಂಧಿಗೆ, ಆಮೇಲೆ ಸೊರಾಬ್ಜಿಗೆ ಕೊಡಿಸಿದರು. 1911ರಲ್ಲಿ ಹರಿಲಾಲ್ ಮನೆ ಬಿಟ್ಟು ಭಾರತಕ್ಕೆ ಬಂದ. ಮೆಟ್ರಿಕ್ ದಾಟಲಾಗಲಿಲ್ಲ. 1918ರ ಇನ್‌ಫ್ಲುಯೆಂಜಾ ಹೆಂಡತಿಯನ್ನು ಕೊಂಡೊಯ್ದಿತು. ಮುಂದಿನದು ಕುಡಿತ, ಸಾಲ, ವ್ಯಾಪಾರದಲ್ಲಿ ಮುಳುಗಡೆ.

ಇದಕ್ಕೆ ತಂದೆ ಕಂಡುಕೊಂಡ ಕಾರಣವೇನು? ತನ್ನ ಯೌವನದ ಶಿಸ್ತಿಲ್ಲದ, ಭೋಗದ ದಿನಗಳೇ ಹಿರಿಯ ಮಗನ ದುರ್ಗುಣಗಳಲ್ಲಿ ಪ್ರತಿಧ್ವನಿಸುತ್ತಿವೆ ಎಂದು ಆತ್ಮಕಥೆಯಲ್ಲಿ ಅವರು ಬರೆದುಕೊಂಡರು. ಎಷ್ಟು ಪ್ರಾಮಾಣಿಕ ಮನುಷ್ಯ ಎಂದು ನಾವು ತಲೆದೂಗುತ್ತೇವೆ. ಆದರೆ ಹರಿಲಾಲನ ದೂರು ಏನಾಗಿತ್ತು? ನೀವು ಭೋಗದಲ್ಲಿದ್ದಿರಿ ಎಂದು ಅವನು ಎಂದೂ ದೂರಲಿಲ್ಲ. ನನಗೆ ಓದು ಕೊಡಿಸಲಿಲ್ಲ, ನನ್ನ ಮಾತು ಕೇಳಲಿಲ್ಲ ಎಂಬುದೇ 1915ರಲ್ಲಿ ಅವನು ಅಚ್ಚು ಹಾಕಿಸಿದ ಪತ್ರದ ತಿರುಳು. ಮಗ ಒಂದನ್ನು ಹೇಳುತ್ತಿದ್ದ, ತಂದೆ ಇನ್ನೊಂದಕ್ಕೆ ತಪ್ಪೊಪ್ಪಿಕೊಳ್ಳುತ್ತಿದ್ದರು. ಆತ್ಮನಿಂದೆಯ ಅಪಾಯ ಇಲ್ಲೇ ಇದೆ. ಅದು ವಿನಯದಂತೆ ಕಾಣುತ್ತದೆ. ಆದರೆ ಮಗನ ಬದುಕಿನ ಕತೆಯನ್ನೂ ತಂದೆಯದೇ ಕತೆಯಾಗಿಸಿಬಿಡುತ್ತದೆ. ಮಗ ಮನುಷ್ಯನಾಗಿ ಉಳಿಯುವುದಿಲ್ಲ, ಕುಂಬಾರನ ಕೈ ತಪ್ಪಿ ಸೊಟ್ಟಗಾದ ಮಡಕೆಯಾಗುತ್ತಾನೆ. ಮಡಕೆಯ ಮಾತನ್ನು ಯಾರು ಕೇಳುತ್ತಾರೆ?

ಅದೇ ಮನೆಯಲ್ಲಿ, ಅದೇ ತಂದೆ ತಾಯಿಯ ಕೈಯಲ್ಲಿ ಮಣಿಲಾಲ್, ರಾಮದಾಸ್, ದೇವದಾಸ್ ಕೂಡ ಬೆಳೆದರು. ಅವರ ಶಾಲಾ ಓದೂ ಅಷ್ಟಕ್ಕಷ್ಟೇ ಇತ್ತು. ಹರಿಲಾಲನ ಕುಡಿತ ಸಾಕಿದ ಕೈಯ ತಪ್ಪಾದರೆ ಉಳಿದ ಮೂವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ? ಸ್ವತಃ ಗಾಂಧೀಜಿಗೂ ಇದು ಗೊತ್ತಿತ್ತೆನ್ನಿ. 1925ರಲ್ಲಿ, ಹರಿಲಾಲ್ ನಿರ್ದೇಶಕನಾಗಿದ್ದ ಕಂಪನಿಯಲ್ಲಿ ಹಣ ಕಳೆದುಕೊಂಡವರ ದೂರು ಬಂದಾಗ, ಅವನು ವಯಸ್ಸಿಗೆ ಬಂದವನು, ಅವನ ದಾರಿ ಬೇರೆ ನನ್ನ ದಾರಿ ಬೇರೆ, ಅವನ ವ್ಯವಹಾರಕ್ಕೆ ನಾನು ಹೊಣೆಯಲ್ಲ ಎಂಬ ಧಾಟಿಯಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅವರು ನೇರವಾಗಿ ಉತ್ತರಿಸಿದ್ದರು. ಕಟುವಾದ ಉತ್ತರ. ಆದರೂ ಆತ್ಮಕಥೆಯ ಕೊರಗಿಗಿಂತ ಈ ಉತ್ತರದಲ್ಲಿ ಮಗನಿಗೆ ಹೆಚ್ಚು ಮರ್ಯಾದೆಯಿದೆ. ಅಲ್ಲಿ ಅವನು ಕನಿಷ್ಠ ತನ್ನ ಕಾಲ ಮೇಲೆ ತಾನು ನಿಂತ ಗಂಡಸು.

1936ರಲ್ಲಿ ಹರಿಲಾಲ್ ಇಸ್ಲಾಂ ಸ್ವೀಕರಿಸಿ ಅಬ್ದುಲ್ಲಾ ಆದ. ಅವನನ್ನು ಸಭೆಗಳಲ್ಲಿ ಮೆರೆಸಿದ ನಮ್ಮವರಿಗೆ ಬೇಕಾಗಿದ್ದುದು ಗಾಂಧಿಯ ಮಗನೇ ಹೊರತು ಹರಿಲಾಲನಲ್ಲ ಎಂಬುದನ್ನು ನಾವು ಹೇಳಿಕೊಳ್ಳಲೇಬೇಕು. ಅದೇ ವರ್ಷ ಅವನನ್ನು 'ಶುದ್ಧಿ' ಮಾಡಿ ವಾಪಸು ಕರೆದುಕೊಂಡ ಆರ್ಯಸಮಾಜದವರಿಗೂ ಬೇಕಾಗಿದ್ದುದು ಅದೇ. ಕುಡಿತದಿಂದ ಒಡೆದುಹೋಗಿದ್ದ ನಲವತ್ತೆಂಟರ ಮನುಷ್ಯನೊಬ್ಬನನ್ನು ಎರಡೂ ಕಡೆಯವರು ಬಾವುಟ ಮಾಡಿಕೊಂಡರು. ಆ ವರ್ಷ ಕಸ್ತೂರ್ಬಾ ಹೆಸರಿನಲ್ಲಿ ಬಂದ ಬಹಿರಂಗ ಪತ್ರ ಮಗನನ್ನಷ್ಟೇ ಅಲ್ಲ, ಅವನನ್ನು ಮೆರೆಸಿದವರನ್ನೂ ತರಾಟೆಗೆ ತೆಗೆದುಕೊಂಡಿತು. ತಾಯಿಯೊಬ್ಬಳು ತನ್ನೆದೆಗೇ ಗುದ್ದಿಕೊಳ್ಳುವುದನ್ನು ಬಿಟ್ಟು ಊರಿನತ್ತ ಬೆರಳು ತೋರಿಸಿದ ಅಪರೂಪದ ಗಳಿಗೆ ಅದು. 1944ರಲ್ಲಿ ಅವಳ ಕೊನೆಯ ದಿನಗಳಲ್ಲಿ ಹರಿಲಾಲ್ ನೋಡಲು ಬಂದದ್ದು ಕುಡಿದ ಸ್ಥಿತಿಯಲ್ಲಿ. ತಂದೆಯ ಕೊಲೆಯಾದ ಕೆಲವೇ ತಿಂಗಳಲ್ಲಿ, 1948ರ ಜೂನ್‌ನಲ್ಲಿ, ಮುಂಬಯಿಯ ಆಸ್ಪತ್ರೆಯಲ್ಲಿ ಅವನೂ ತೀರಿಕೊಂಡ.

ಮಕ್ಕಳು ಕೆಟ್ಟರೆ ಅದು ಹೆತ್ತವರ ಪಾಪದ ಫಲ ಎಂದು ಮೈಕಿನಲ್ಲಿ ಸಾರುವ ಉಪದೇಶಕರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ನಮ್ಮವರಿಗೆ ಒಂದೇ ಪ್ರಶ್ನೆ. ಪ್ರವಾದಿ ನೂಹ್ ಅವರ ಮಗ ತಂದೆಯ ಕರೆಗೆ ಕಿವಿಗೊಡದೆ ಪ್ರವಾಹದಲ್ಲಿ ಮುಳುಗಿಹೋದ. ಪ್ರವಾದಿ ಯಾಕೂಬರ ಮಕ್ಕಳು ಸ್ವಂತ ತಮ್ಮನನ್ನು ಬಾವಿಗೆ ತಳ್ಳಿ ಬಂದರು. ಇವರನ್ನೂ "ಸಾಕಿದ್ದು ಹೇಗೆ?" ಎಂದು ಕೇಳುವ ಧೈರ್ಯ ನಿಮಗಿದೆಯೇ? ಇಲ್ಲವೆಂದಾದರೆ ಪಕ್ಕದ ಮನೆಯ ಬೀಡಿ ಕಟ್ಟುವ ತಾಯಿಯನ್ನು ಕೇಳುವ ಧೈರ್ಯ ಎಲ್ಲಿಂದ ಬಂತು?

ಹಾಗೆಂದು ಹೆತ್ತವರೆಲ್ಲ ಹಾಲಿನಲ್ಲಿ ತೊಳೆದವರೆಂದು ಹೇಳುತ್ತಿಲ್ಲ. ಮಕ್ಕಳನ್ನು ಬೆಲ್ಟಿನಲ್ಲಿ ಬಾರಿಸುವ, ಅವರೆದುರೇ ಹೆಂಡತಿಗೆ ಹೊಡೆಯುವ, ಮಗಳನ್ನು ಒತ್ತಾಯದಿಂದ ಮದುವೆ ಮಾಡಿ ಕಳಿಸುವ ತಂದೆ ತಾಯಿ ಇದ್ದಾರೆ. ಅಂತಹ ಗಾಯಗಳು ದೊಡ್ಡವರಾದ ಮೇಲೂ ಮಾಯುವುದಿಲ್ಲ. ಆದರೆ ಅದಕ್ಕೆ ಬೇಕಾದದ್ದು ಕೊರಗಲ್ಲ. ಮಾಡಿದ್ದು ಇಂಥದ್ದು ಎಂದು ಹೆಸರಿಟ್ಟು ಮಗನ ಎದುರು ಕೂತು ಹೇಳುವ ಒಂದು ಮಾತು, ಅವನು ಸಿಟ್ಟಿನಿಂದ ಉತ್ತರಿಸಿದರೆ ಕೇಳಿಸಿಕೊಳ್ಳುವ ತಾಳ್ಮೆ. ಗೊತ್ತುಗುರಿಯಿಲ್ಲದ ಅಪರಾಧಿಭಾವ ಇದಕ್ಕೆ ಅಡ್ಡ ಬರುತ್ತದೆ. ಎಲ್ಲವೂ ನನ್ನದೇ ತಪ್ಪು ಎನ್ನುವವರು ಯಾವ ತಪ್ಪನ್ನೂ ಗುರುತಿಸಬೇಕಾಗಿಲ್ಲ. ಇನ್ನೊಂದು ತಮಾಷೆಯೆಂದರೆ, ನಿಜವಾಗಿ ಬೆಲ್ಟ್ ಹಿಡಿದವರು ಸಾಮಾನ್ಯವಾಗಿ ಕೊರಗುವುದಿಲ್ಲ. ಕೊರಗುವವರು ಉಳಿದವರು.

ಆತ್ಮನಿಂದೆ ಮಗನಿಗೆ ಕೆಡುಕು ಮಾಡುತ್ತದೆ ಎಂದೆ. ಅದು ಹೇಗೆ? ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದ ಕೊನೆಯಿಂದ ನಡೆಸಿದ ಅಧ್ಯಯನಗಳು ಒಂದು ವಿಷಯವನ್ನು ತೋರಿಸಿದವು: ಆಸ್ಪತ್ರೆಯಿಂದ ಮನೆಗೆ ಮರಳಿದವರಿಗೆ ಚುಚ್ಚುಮಾತು, ಹಗೆತನ, ಅಥವಾ ಉಸಿರು ಕಟ್ಟಿಸುವಷ್ಟು ಕಾಳಜಿ ಎದುರಾದರೆ ಸ್ಕಿಜೋಫ್ರೇನಿಯಾ ಮರುಕಳಿಸುವುದು ಹೆಚ್ಚು. ಕಾಯಿಲೆಯನ್ನು ಹುಟ್ಟಿಸುವುದು ಮನೆಯಲ್ಲ. ಆದರೆ ಮನೆಯ ಹವೆ ಚೇತರಿಕೆಯ ಮೇಲೆ ಪರಿಣಾಮ ಮಾಡುತ್ತದೆ. ಕೊರಗಿನಲ್ಲಿ ಬೇಯುವ ತಾಯಿ ಏನು ಮಾಡುತ್ತಾಳೆ ನೋಡಿ. ಮೂವತ್ತರ ಮಗನಿಗೆ ಅನ್ನ ಕಲಸಿ ಕೊಡುತ್ತಾಳೆ, ಅವನ ಸಾಲ ತೀರಿಸಲು ಬಳೆ ಅಡವಿಡುತ್ತಾಳೆ, ಯಾರಿಗೂ ತಿಳಿಯಬಾರದೆಂದು ವೈದ್ಯರಲ್ಲಿಗೆ ಹೋಗುವುದನ್ನು ವರ್ಷಗಟ್ಟಲೆ ಮುಂದೂಡುತ್ತಾಳೆ. ತಂದೆಯೋ, ತನ್ನ ಮೇಲಿನ ಸಿಟ್ಟನ್ನು ಮಗನ ಮೇಲೆ ಕಾರುತ್ತಾನೆ. ಇಬ್ಬರೂ ಸೇರಿ ಅವನಿಗೆ ದಿನವೂ ಒಂದೇ ಪಾಠ ಹೇಳುತ್ತಿರುತ್ತಾರೆ: ನೀನು ನಮ್ಮ ಸೋಲು. ಅದನ್ನು ಕೇಳುತ್ತಾ ಯಾರು ತಾನೇ ಗುಣವಾದಾರು?

ಅಂದಹಾಗೆ, 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಅಧ್ಯಯನ ನಡೆದಾಗ, ಅಂತಹ ಬಿರುನುಡಿಯ ಮನೆಗಳು ಲಂಡನ್ನಿಗಿಂತ ಎಷ್ಟೋ ಕಡಿಮೆ ಎಂದು ಕಂಡುಬಂತು. ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಂಡರು. ವೆಲ್ಲೂರಿನಲ್ಲೂ ಅದೇ ಪದ್ಧತಿ ಬೆಳೆಯಿತು. ಅಮೆರಿಕದ ಪಂಡಿತರು ತಾಯಿಯನ್ನು ರೋಗದ ಕಾರಣವೆಂದು ದೂರುತ್ತಿದ್ದ ಕಾಲದಲ್ಲೇ ನಮ್ಮ ವೈದ್ಯರೊಬ್ಬರು ಅವಳನ್ನು ಆರೈಕೆಯ ಜೊತೆಗಾರ್ತಿ ಎಂದು ಬರಮಾಡಿಕೊಂಡಿದ್ದರು. ನಮ್ಮ ಪಠ್ಯಪುಸ್ತಕಗಳಿಗೆ ಈ ಡೇರೆಗಳ ಕತೆ ಯಾಕೆ ಬರಲಿಲ್ಲವೋ!

ಇನ್ನು ಹಿಂಬಾಗಿಲಿನಿಂದ ಜಾರಿಕೊಳ್ಳುವವರ ವಿಷಯ. ಕರ್ನಾಟಕದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಷೇಧವಾಯಿತು. ಹೆಂಗಸರು ನಿಟ್ಟುಸಿರು ಬಿಟ್ಟರು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. ಇಂದು ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೇಲೆ. ಪ್ರತಿ ಬಜೆಟ್ಟಿನಲ್ಲಿ ಇಷ್ಟು ಕೋಟಿ ಬರಬೇಕೆಂದು ಗುರಿ ನಿಗದಿಯಾಗುತ್ತದೆ. ಆ ಗುರಿ ತಲುಪಲು ಯಾರದೋ ಮಕ್ಕಳು ಕುಡಿಯಲೇಬೇಕಲ್ಲ? ಅವರು ಕುಡಿದು ಬಿದ್ದಾಗ ಖಜಾನೆಯನ್ನು ಯಾರೂ ಪ್ರಶ್ನಿಸುವುದಿಲ್ಲ, ತಾಯಿಯನ್ನು ಪ್ರಶ್ನಿಸುತ್ತಾರೆ.

2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆಯಲ್ಲಿ ನಡೆಯುತ್ತಿದ್ದ ಖಾಸಗಿ ಚಪ್ಪರವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಾನಸಿಕ ಅಸ್ವಸ್ಥರು ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋದ ಕುಟುಂಬಗಳ ಕಟುಕತನದ ಬಗ್ಗೆ ಆಗ ಬಹಳ ಮಾತು ಕೇಳಿಬಂತು. ಸರಪಳಿ ಹಾಕಿ ದುಡ್ಡು ಮಾಡುತ್ತಿದ್ದವರಿಗೆ ಕ್ಷಮೆಯಿಲ್ಲ, ದರ್ಗಾದ ಹೆಸರಿನಲ್ಲಿ ನಡೆದುದರಿಂದ ನಾವು ತಲೆ ತಗ್ಗಿಸಲೇಬೇಕು. ಆದರೆ ಆ ಕುಟುಂಬಗಳು ಬೇರೆಲ್ಲಿಗೆ ಹೋಗಬೇಕಿತ್ತು? ಸರಕಾರದ ಮಾನಸಿಕ ಆಸ್ಪತ್ರೆ ಇದ್ದದ್ದು ದೂರದ ಚೆನ್ನೈಯ ಕಿಲ್ಪಾಕ್‌ನಲ್ಲಿ. ನಮ್ಮಲ್ಲೂ ದೊಡ್ಡ ಸರಕಾರಿ ಸಂಸ್ಥೆಗಳೆಂದರೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್. ಬೀದರಿನ ತಾಯಿ ಬಸ್ಸಿನಲ್ಲಿ ರಾತ್ರಿಯಿಡೀ ಮಗನ ಕೈ ಹಿಡಿದುಕೊಂಡು ಕೂರಬೇಕು, ಮರುದಿನದ ಕೂಲಿ ಕಳೆದುಕೊಳ್ಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಅಲ್ಲೇ ಮಾತ್ರೆ ಸಿಗುವಂತೆ ಮಾಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತ್ತು. ಅದೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ಕಾಯಿಲೆಯಿದ್ದ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ಚಿಕಿತ್ಸೆ ಸಿಕ್ಕ ಮೇಲೂ ಎಪ್ಪತ್ತು ದಾಟಿದ ತಂದೆ ತಾಯಿಯ ಪ್ರಶ್ನೆ ಒಂದೇ: ನಮ್ಮ ನಂತರ ಇವನಿಗೆ ಯಾರು? ಇದಕ್ಕೆ ಉತ್ತರ ಕಾನೂನಿನಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ನಿಷೇಧಿಸಿದೆ. ಸಮುದಾಯದ ನಡುವೆ ಬದುಕುವ ಹಕ್ಕನ್ನು ಕೊಟ್ಟಿದೆ. ಆಸ್ಪತ್ರೆಗೂ ಮನೆಗೂ ನಡುವಿನ ಆಶ್ರಯ ಮನೆಗಳನ್ನು ಒದಗಿಸುವುದು ಸರಕಾರದ ಹೊಣೆ ಎಂದಿದೆ. ಅಂತಹ ಮನೆ ನಿಮ್ಮ ಜಿಲ್ಲೆಯಲ್ಲಿ ಎಷ್ಟಿದೆ ಎಂದು ಜಿಲ್ಲಾ ಆರೋಗ್ಯಾಧಿಕಾರಿಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ ನೋಡಿ. ತಾಲೂಕು ಆಸ್ಪತ್ರೆಯಲ್ಲಿ ಈ ತಿಂಗಳು ಮಾತ್ರೆ ಇದೆಯೇ ಎಂದೂ ಕೇಳಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ, ಬಿಟ್ಟಿಯಾಗಿ, ಕನ್ನಡದಲ್ಲೂ ಮಾತಾಡುತ್ತದೆ. ಕೊರಗುವ ತಾಯಿ ತನಗಾಗಿಯೂ ಅದಕ್ಕೆ ಕರೆ ಮಾಡಬಹುದು.

ಮತ್ತೆ ಜಮಾಅತಿನವರು, ಜಾತಿ ಸಂಘದವರು. ಮದುವೆ ಹಾಲ್ ಕಟ್ಟಲು ನೀವು ಲಕ್ಷಗಟ್ಟಲೆ ಎತ್ತುತ್ತೀರಿ. ಊರಿನ ಇಂತಹ ಹತ್ತು ಹನ್ನೆರಡು ಮಕ್ಕಳು ಹಗಲು ಹೊತ್ತು ಬಂದು ಕೂತು, ಏನಾದರೂ ಕೈಕೆಲಸ ಮಾಡಿ, ಮಧ್ಯಾಹ್ನ ಒಟ್ಟಿಗೆ ಉಂಡು ಸಂಜೆ ಮನೆಗೆ ಹೋಗಲು ಒಂದು ಜಾಗ ಬೇಕು. ಅಷ್ಟು ಹೊತ್ತು ಆ ತಾಯಂದಿರಿಗೂ ಉಸಿರಾಡಲು ಆದೀತು. ಅದಕ್ಕೆ ಹೊಸ ಕಟ್ಟಡ ಬೇಡ, ಹಾಲ್‌ನ ಒಂದು ಮೂಲೆ ಸಾಕು. ಮದುವೆಯಿಲ್ಲದ ದಿನಗಳಲ್ಲಿ ಅದು ಹೇಗೂ ಬೀಗ ಹಾಕಿಯೇ ಇರುತ್ತದೆ.